ಲಲಿತಾ ಪವಾರ್: ಆ ಏಟಿಗಿಂತ ದೊಡ್ಡದು ಅವರ ನಟನೆ

ಪ್ರಶ್ನೆ: ಮನೆಯಲ್ಲಿ ಮಕ್ಕಳ ಜೊತೆ ರಮಾನಂದ ಸಾಗರ್ ಅವರ 'ರಾಮಾಯಣ' ಮತ್ತೆ ನೋಡಿದೆವು. ಮಂಥರೆಯ ಎಡಗಣ್ಣು ಚಿಕ್ಕದಾಗಿ ಕಾಣುತ್ತದೆ. ಅದು ಮೇಕಪ್ಪಾ ಅಥವಾ ನಿಜವಾಗಲೂ ಹಾಗೇ ಇತ್ತಾ? ಶೂಟಿಂಗ್‌ನಲ್ಲಿ ಯಾರೋ ಹೊಡೆದು ಹಾಗಾಯಿತು ಅಂತಾರೆ. ಮಂಥರೆಯಾಗಿದ್ದ ಲಲಿತಾ ಪವಾರ್ ಜೀವನವಿಡೀ ಕೆಟ್ಟ ಅತ್ತೆಯ ಪಾತ್ರಗಳನ್ನೇ ಮಾಡಿದರಾ? ಸ್ವಲ್ಪ ವಿವರವಾಗಿ ತಿಳಿಸಿ.
(ಹಾಸನದ ಓದುಗರೊಬ್ಬರು)

ಉತ್ತರ: ಮೇಕಪ್ ಅಲ್ಲ. ಕಣ್ಣು ಹಾಗೇ ಇತ್ತು, ಹೊಡೆದ ಕಥೆಯೂ ನಿಜ. 1942ರಲ್ಲಿ 'ಜಂಗ್-ಎ-ಆಜಾದಿ' ಚಿತ್ರದ ಒಂದು ದೃಶ್ಯದಲ್ಲಿ ನಟ ಭಗವಾನ್ ಅವರು ಲಲಿತಾ ಅವರ ಕೆನ್ನೆಗೆ ಹೊಡೆಯಬೇಕಿತ್ತು. (ಮುಂದೆ ಭಗವಾನ್ ದಾದಾ ಅಂತ ಹೆಸರಾಗಿ 1951ರಲ್ಲಿ 'ಅಲ್ಬೇಲಾ' ಮಾಡಿದವರು ಇವರೇ.) ಏಟು ನಿಜವಾಗಿಯೇ ಜೋರಾಗಿ ಬಿತ್ತು. ಎಡಗಣ್ಣಿನ ರಕ್ತನಾಳ ಒಡೆಯಿತು, ಮುಖಕ್ಕೆ ಲಕ್ವ ಹೊಡೆಯಿತು. ಮೂರು ವರ್ಷ ಚಿಕಿತ್ಸೆ ನಡೆದರೂ ಆ ಕಣ್ಣು ಮೊದಲಿನ ಹಾಗೆ ಆಗಲೇ ಇಲ್ಲ. ಏಟು ಬಿದ್ದಾಗ ಅವರಿಗೆ ಬರೀ 26 ವರ್ಷ.

ಇಷ್ಟು ಎಲ್ಲರೂ ಹೇಳುತ್ತಾರೆ. ನನಗೆ ಬೇಜಾರಾಗುವುದು ಏನೆಂದರೆ, ಲಲಿತಾ ಪವಾರ್ ಅಂದ ತಕ್ಷಣ ಮಾತು ಈ ಏಟಿನಿಂದ ಶುರುವಾಗಿ ಅಲ್ಲೇ ಮುಗಿದುಬಿಡುತ್ತದೆ. ಪೆಟ್ಟು ಬಿದ್ದ ಮುಖ, ಅದಕ್ಕೇ ಕೆಟ್ಟ ಪಾತ್ರಗಳು ಸಿಕ್ಕವು, ಮುಗಿಯಿತು. ಹಾಗೆ ಹೇಳಿದರೆ ಅವರ ಕೆಲಸಕ್ಕೆ ಅನ್ಯಾಯ ಮಾಡಿದ ಹಾಗೆ.

ಯಾಕೆಂದರೆ 1942ರ ಹೊತ್ತಿಗೆ ಅವರು ಹೊಸಬರೇನೂ ಆಗಿರಲಿಲ್ಲ. ಹುಟ್ಟಿದ್ದು 1916ರಲ್ಲಿ, ನಾಸಿಕ್ ಜಿಲ್ಲೆಯ ಯೇವಲಾದಲ್ಲಿ. ಮನೆಯಲ್ಲಿ ಇಟ್ಟ ಹೆಸರು ಅಂಬಾ. ತಂದೆ ರೇಷ್ಮೆ, ಹತ್ತಿ ಬಟ್ಟೆಯ ವ್ಯಾಪಾರಿ. 1928ರಲ್ಲಿ, ಇನ್ನೂ ಹನ್ನೆರಡರ ಹುಡುಗಿಯಾಗಿದ್ದಾಗಲೇ, ತಿಂಗಳಿಗೆ 18 ರೂಪಾಯಿ ಸಂಬಳಕ್ಕೆ ಮೂಕಿ ಚಿತ್ರಕ್ಕೆ ಬಂದರು. ಆಮೇಲೆ ನಾಯಕಿಯಾದರು. ಟಾಕಿ ಬಂದ ಮೇಲೆ ತಮ್ಮ ಹಾಡನ್ನು ತಾವೇ ಹಾಡಿದರು. ಅಷ್ಟಕ್ಕೇ ನಿಲ್ಲದೆ ಸಿನಿಮಾ ನಿರ್ಮಾಣಕ್ಕೂ ಕೈ ಹಾಕಿದರು: 1932ರಲ್ಲಿ 'ಕೈಲಾಸ್' ಎಂಬ ಮೂಕಿ ಚಿತ್ರದ ನಿರ್ಮಾಣದಲ್ಲಿ ಪಾಲುದಾರರಾದರು, 1938ರಲ್ಲಿ 'ದುನಿಯಾ ಕ್ಯಾ ಹೈ' ಎಂಬ ಟಾಕಿ ನಿರ್ಮಿಸಿದರು. ಇಪ್ಪತ್ತೆರಡರ ಹೆಣ್ಣುಮಗಳು ಆ ಕಾಲದಲ್ಲಿ ಇದನ್ನೆಲ್ಲ ಮಾಡಿದ್ದು ಸಣ್ಣ ವಿಷಯ ಅಲ್ಲ, ಅಲ್ವಾ?

ಈ ಮೂಕಿ ಚಿತ್ರಗಳ ಕಾಲವೇ ಅವರ ನಿಜವಾದ ಪಾಠಶಾಲೆ ಅಂತ ನನ್ನ ಅನಿಸಿಕೆ. ಅಲ್ಲಿ ಮಾತಿಲ್ಲ. ಎಲ್ಲವನ್ನೂ ಹುಬ್ಬು, ತುಟಿ, ಕತ್ತು, ಕೈಗಳಲ್ಲೇ ಹೇಳಬೇಕು. ಮುಖದ ಒಂದು ಭಾಗ ಸರಿಯಾಗಿ ಮಾತು ಕೇಳದೇ ಹೋದಾಗ ಅವರು ಉಳಿದದ್ದರಲ್ಲೇ ಹೇಗೆ ಕೆಲಸ ತೆಗೆದರು ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಚಿಕಿತ್ಸೆ ಮುಗಿಸಿ ಬಂದಾಗ ನಾಯಕಿಯ ಪಾತ್ರಗಳು ಕೈತಪ್ಪಿದ್ದವು. ಆಗಿನ ಹಿಂದಿ ಚಿತ್ರಗಳಲ್ಲಿ ನಾಯಕಿ ಅಂದರೆ ಕ್ಲೋಸಪ್, ಹಾಡು, ತಿದ್ದಿ ತೀಡಿದ ಮುಖ. ಹಾಗಾಗಿ ಮೂವತ್ತರ ಆಸುಪಾಸಿನಲ್ಲೇ ಅಮ್ಮ, ಅತ್ತೆ, ಸೋದರತ್ತೆಯ ಸಾಲಿಗೆ ಸರಿಯಬೇಕಾಯಿತು. 1952ರ 'ದಾಗ್' ಚಿತ್ರದಲ್ಲಿ ದಿಲೀಪ್ ಕುಮಾರ್ ಅವರ ತಾಯಿ ಇವರೇ. ಇವರಿಗೆ 36, ಮಗನಿಗೆ 29! ನಿರ್ದೇಶಕ ವಿ. ಶಾಂತಾರಾಮ್ ಅವರ 'ದಹೇಜ್' (1950) ಚಿತ್ರದ ಅತ್ತೆ ಪಾತ್ರ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಸೊಸೆಗೆ ಕಾಟ ಕೊಡುವ ಅತ್ತೆ ಬೇಕೆಂದರೆ ನಿರ್ಮಾಪಕರು ಮೊದಲು ಇವರನ್ನೇ ಹುಡುಕುವ ಹಾಗಾಯಿತು.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಖಂಡಿತ 'ಇಲ್ಲ'. 'ಶ್ರೀ 420' (1955) ನೋಡಿ. ಬೊಂಬಾಯಿಯ ಬೀದಿಯಲ್ಲಿ ಬಾಳೆಹಣ್ಣು ಮಾರುವವಳು. ಎರಡಾಣೆಗೆ ಮೂರು ಅನ್ನುತ್ತಾಳೆ. ಊರಿಗೆ ಹೊಸಬನಾದ ರಾಜ್ ಕಪೂರ್ ಚೌಕಾಸಿಗೆ ನಿಂತು, ಇಲ್ಲ, ಮೂರಾಣೆಗೆ ಎರಡು ಕೊಡು ಅನ್ನುತ್ತಾನೆ. ಜಾಸ್ತಿ ದುಡ್ಡಿಗೆ ಕಡಿಮೆ ಹಣ್ಣು! ಆ ಕ್ಷಣದಲ್ಲಿ ಲಲಿತಾ ಅವರನ್ನೇ ಗಮನಿಸಿ. ಗದರುವುದಕ್ಕೆ ಸಿದ್ಧವಾಗಿದ್ದ ಗಂಟಲು ಅಲ್ಲೇ ತಡೆಯುತ್ತದೆ, ಇವನು ಪೆದ್ದನಾ ಒಳ್ಳೆಯವನಾ ಅನ್ನುವ ಗೊಂದಲ, ಅದರ ಹಿಂದೆಯೇ ಮಮತೆ. ನಗು ಪೂರ್ತಿ ರಾಜ್ ಕಪೂರ್ ಪಾಲಿಗೆ ಹೋಗಬಹುದಿದ್ದ ದೃಶ್ಯ ಅದು. ನನಗೆ ನೆನಪಲ್ಲಿ ಉಳಿದಿರುವುದು ಮಾತ್ರ ಹಣ್ಣು ಮಾರುವವಳೇ.

ಅವರ ಶಕ್ತಿ ಒಂದೇ ಕಡೆ ನೋಡಬೇಕೆಂದರೆ 1959 ಸಾಕು. ಆ ವರ್ಷ ನಿರ್ದೇಶಕ ಹೃಷಿಕೇಶ್ ಮುಖರ್ಜಿಯವರ 'ಅನಾಡಿ' ಬಂತು, ಬಿಮಲ್ ರಾಯ್ ಅವರ 'ಸುಜಾತಾ'ನೂ ಬಂತು. ಎರಡರಲ್ಲೂ ನಾಯಕಿ ನೂತನ್, ಎರಡರಲ್ಲೂ ಲಲಿತಾ ಪವಾರ್ ಇದ್ದಾರೆ. 'ಸುಜಾತಾ'ದಲ್ಲಿ ಅವರು ಮಡಿ-ಮೈಲಿಗೆಯ ಸೋದರತ್ತೆ. ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಜಾತಿಯಲ್ಲಿ ಹುಟ್ಟಿ, ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹುಡುಗಿ ಈಕೆಗೆ ಸೇರುವುದಿಲ್ಲ. ಈಕೆ ಅಬ್ಬರಿಸುವ ಖಳನಾಯಕಿ ಅಲ್ಲ, ತಾನು ನಂಬಿದ್ದೇ ಸರಿ ಎಂದು ತಿಳಿದ ಮನೆಯ ಹಿರಿಯಳು. ಅದಕ್ಕೇ ಹೆಚ್ಚು ಚುಚ್ಚುತ್ತದೆ. 'ಅನಾಡಿ'ಯಲ್ಲಿ ಅವರೇ ಮಿಸೆಸ್ ಡಿಸಾ, ಕ್ರೈಸ್ತ ಮನೆಯೊಡತಿ. ಬಾಡಿಗೆ ಬಾಕಿ ಇಟ್ಟ ರಾಜ್ ಕಪೂರ್‌ಗೆ ಬಾಯಿ ತುಂಬಾ ಬೈಯುತ್ತಾ, ಒಳಗೊಳಗೇ ಹೆತ್ತ ಮಗನ ಹಾಗೆ ನೋಡಿಕೊಳ್ಳುವವಳು. ಇದಕ್ಕೆ ಫಿಲ್ಮ್‌ಫೇರ್‌ನ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಬಂತು. 1961ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಬಂತು. ಮುಖರ್ಜಿಯವರಿಗೆ ಆ ಮಿಸೆಸ್ ಡಿಸಾ ಎಷ್ಟು ಇಷ್ಟವಾಗಿದ್ದಳೋ ಏನೋ, 1971ರ 'ಆನಂದ್' ಚಿತ್ರದ ಮೇಟ್ರನ್‌ಗೂ (ಆಸ್ಪತ್ರೆಯ ಹಿರಿಯ ನರ್ಸ್) ಡಿಸಾ ಅಂತಲೇ ಹೆಸರಿಟ್ಟರು, ಪಾತ್ರವನ್ನೂ ಲಲಿತಾ ಅವರಿಗೇ ಕೊಟ್ಟರು. ಅಲ್ಲಿಯೂ ಮೇಲೆ ಗದರಿಕೆ, ಒಳಗೆ ಕರುಳು.

ತಮಾಷೆಯಲ್ಲೂ ಕಡಿಮೆ ಇರಲಿಲ್ಲ. ಶಮ್ಮಿ ಕಪೂರ್ ಜೊತೆಗಿನ 'ಜಂಗ್ಲಿ' (1961) ಚಿತ್ರದ ಕಟ್ಟುನಿಟ್ಟಿನ ತಾಯಿ ಹಲವರಿಗೆ ನೆನಪಿರುತ್ತದೆ. ನಾನು ಹೇಳುವುದು 'ಪ್ರೊಫೆಸರ್' (1962) ನೋಡಿ ಅಂತ. ಅದರಲ್ಲಿ ಹುಡುಗಿಯರನ್ನು ಹದ್ದುಬಸ್ತಿನಲ್ಲಿಟ್ಟ ಹಿರಿಯಾಕೆ, ಮುದುಕನ ವೇಷದಲ್ಲಿ ಬಂದ ನಾಯಕನಿಗೇ ಮನಸ್ಸು ಕೊಟ್ಟುಬಿಡುತ್ತಾಳೆ. ಸುಮ್ನೆ ನಗಿಸಿ ಬಿಟ್ಟುಬಿಡಬಹುದಾಗಿದ್ದ ಪಾತ್ರ. ಲಲಿತಾ ಅದರೊಳಗೆ ಒಂಟಿ ಹೆಂಗಸಿನ ಆಸೆಯನ್ನೂ ನಾಚಿಕೆಯನ್ನೂ ಇಟ್ಟಿದ್ದಾರೆ. ನಗುತ್ತಾ ನಗುತ್ತಾ ನಮಗೇ ಸಂಕಟ ಆಗುತ್ತದೆ.

ಮಂಥರೆಯ ಪಾತ್ರ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. 1987ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಕಡೆಯೂ ಬೀದಿಗಳು ಖಾಲಿಯಾಗುತ್ತಿದ್ದ ಕಾಲ ಅದು. ಕೈಕೇಯಿಯ ಮನಸ್ಸು ಕೆಡಿಸುವ ಭಾಗವನ್ನು ಇನ್ನೊಮ್ಮೆ ನೋಡಿ. ಕಣ್ಣಿನ ಮೇಲೆ ಭಾರ ಹಾಕದೆ ದನಿಯಲ್ಲೇ ಕೆಲಸ ಮುಗಿಸುತ್ತಾರೆ: ಮೊದಲು ಸಲಿಗೆ, ಆಮೇಲೆ ಹೆದರಿಕೆ, ಕೊನೆಗೆ ಅಧಿಕಾರ. 1998ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡರು. ಎಪ್ಪತ್ತು ವರ್ಷದ ವೃತ್ತಿ.

ಪ್ರಶ್ನೆ: ಹಿಂದಿ ಸಿನಿಮಾದ ತಾಯಿ ಪಾತ್ರಗಳ ಲೀಲಾ ಚಿಟ್ನಿಸ್ ನಮ್ಮ ಧಾರವಾಡದವರಂತೆ, ಹೌದಾ?
(ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಹೌದು, ಹುಟ್ಟಿದ್ದು 1909ರಲ್ಲಿ ಧಾರವಾಡದಲ್ಲೇ. ಮರಾಠಿ ಕುಟುಂಬ, ತಂದೆ ಇಂಗ್ಲಿಷ್ ಪ್ರೊಫೆಸರ್. ಇವರೂ ಮೊದಲು ನಾಯಕಿಯೇ: ಅಶೋಕ್ ಕುಮಾರ್ ಜೊತೆ 'ಕಂಗನ್', 'ಬಂಧನ್', 'ಝೂಲಾ'. 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿಗೆ ಬಂದ ಮೊದಲ ಭಾರತೀಯ ತಾರೆಯೂ ಇವರೇ. 1948ರ 'ಶಹೀದ್' ಚಿತ್ರದಿಂದ ತಾಯಿಯ ಪಾತ್ರಗಳು ಶುರುವಾದವು. 'ಆವಾರಾ'ದಲ್ಲಿ ರಾಜ್ ಕಪೂರ್‌ಗೆ, 'ಗೈಡ್'ನಲ್ಲಿ ದೇವ್ ಆನಂದ್‌ಗೆ ತಾಯಿ. ಲಲಿತಾ ಅವರದು ಗದರುವ ತಾಯಿಯಾದರೆ ಇವರದು ನರಳುವ ತಾಯಿ. ಕೊನೆಗಾಲದಲ್ಲಿ ಅಮೆರಿಕದಲ್ಲಿದ್ದು, 2003ರಲ್ಲಿ ಅಲ್ಲೇ ತೀರಿಕೊಂಡರು. ನಿಮಗೆ ಮರಾಠಿ ಓದಲು ಬಂದರೆ ಅವರ ಆತ್ಮಕಥೆ 'ಚಂದೇರಿ ದುನಿಯೇತ' ಹುಡುಕಿ ಓದಿ.