ಇಲಿ ಮೂರನೇ ಪುಟಕ್ಕೆ ಬಂದರೆ ಹೇಗೆ?

ನಮಸ್ಕಾರ.

ನೀವು ಕಳಿಸಿದ 'ಬೆಂಜೊಡಯಾಜೆಪೀನ್ ರಿಸೆಪ್ಟರ್ ಮತ್ತು ಇಲಿಯ ಅನ್ವೇಷಣೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಬಿಸಾಡುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಆತಂಕ ತಗ್ಗಿಸುವ ಬೆಂಜೊಡಯಾಜೆಪೀನ್ ಮದ್ದುಗಳಲ್ಲಿ 1960ರಲ್ಲಿ ಲಿಬ್ರಿಯಂ ಬಂತು, 1963ರಲ್ಲಿ ವ್ಯಾಲಿಯಂ (ಅಂದರೆ ಡಯಾಜೆಪಾಮ್) ಬಂತು, ಅವು ಮಿದುಳಲ್ಲಿ ಅಂಟುವ ಜಾಗ, ಅದೇ ರಿಸೆಪ್ಟರ್, 1977ರಲ್ಲಿ ಸಿಕ್ಕಿತು. ಇದಕ್ಕೆ ಒಂದು ಸಾಲು ಸಾಕು. ಇಲಿ ಬರುವಷ್ಟರಲ್ಲಿ ಓದುಗರು ಎದ್ದು ಹೋಗಿರುತ್ತಾರೆ.

ಬಂದ ಮೇಲೂ ಇಲಿ ಕಾಣಿಸುವುದಿಲ್ಲ. 'ಎತ್ತರಿಸಿದ ಮೇಜ್‌ನಲ್ಲಿ ಅನ್ವೇಷಣಾ ವರ್ತನೆ ವೃದ್ಧಿಸಿತು' ಎಂದಿದ್ದೀರಿ. ಸುಳ್ಳಲ್ಲ, ನಾನು ಊಟದ ಮೇಜು ಅಂದುಕೊಂಡೆ! ಈ ಮೇಜ್ (maze) ಅಂದರೆ ಪ್ಲಸ್ ಗುರುತಿನ ಆಕಾರದ ಹಲಗೆ, ನೆಲದಿಂದ 50 ಸೆಂಟಿಮೀಟರ್ ಮೇಲೆ. ಎರಡು ತೋಳಿಗೆ ಗೋಡೆ ಇದೆ, ಎರಡಕ್ಕೆ ಇಲ್ಲ. ಇಲಿಯನ್ನು ನಡುವೆ ಬಿಟ್ಟು 5 ನಿಮಿಷ ನೋಡುತ್ತಾರೆ. ಹೀಗೆ ಬರೆಯಿರಿ. ಮದ್ದಿಲ್ಲದ ಇಲಿ ಗೋಡೆಯ ಮರೆಯಿಂದ ಮೂತಿ ಚಾಚುತ್ತದೆ, ಮೈ ಉದ್ದ ಮಾಡಿ ಮೂಸುತ್ತದೆ, ಹಿಂಗಾಲು ಮಾತ್ರ ಒಳಗೇ ಇರುತ್ತದೆ. ಡಯಾಜೆಪಾಮ್ ಕೊಟ್ಟ ಇಲಿ ಬಯಲು ತೋಳಿಗೆ ನಡೆದು, ಅಂಚಿನಿಂದ ಕೆಳಗೆ ಇಣುಕುತ್ತದೆ.

ಇನ್ನು ನಿಜವಾದ ತಪ್ಪು. 'ಮದ್ದು ಕುತೂಹಲ ಹೆಚ್ಚಿಸಿತು' ಎಂದು ಐದು ಕಡೆ ಬರೆದಿದ್ದೀರಿ. ಹೆದರಿಕೆ ತಗ್ಗುವುದೇ ಬೇರೆ, ಕುತೂಹಲ ಹೆಚ್ಚುವುದೇ ಬೇರೆ, ಅಲ್ವಾ? ಡೋಸ್ ಜಾಸ್ತಿಯಾದರೆ ಅದೇ ಇಲಿ ಮಂಕಾಗಿ ಸುಮ್ನೆ ಕೂರುತ್ತದೆ. ಅದಕ್ಕೇ ಗೋಡೆಯಿರುವ ತೋಳಿಗೆ ಎಷ್ಟು ಸಲ ಹೋಯಿತು ಅಂತಲೂ ಎಣಿಸುವುದು. ಬದಲಾಗಿದ್ದು ಭಯವೋ ಬರೀ ಓಡಾಟವೋ ಗೊತ್ತಾಗಬೇಕಲ್ಲ. ಡಯಾಜೆಪಾಮ್ ಅಂಟುವ ರಿಸೆಪ್ಟರಿಗೇ ಅಂಟಿ ಉಲ್ಟಾ ಕೆಲಸ ಮಾಡುವ ಎಫ್‌ಜಿ 7142 ಎಂಬ ರಾಸಾಯನಿಕ ಇದೆ, ಅದನ್ನು ಕೊಟ್ಟ ಇಲಿ ಬಯಲು ತೋಳಿಗೆ ಇನ್ನೂ ಕಡಿಮೆ ಹೋಗುತ್ತದೆ. ಫ್ಲುಮಾಜೆನಿಲ್ ಎಂಬ ಮದ್ದಿದೆ, ಅದೇ ಜಾಗ ಹಿಡಿದು ಕೂತು ಡಯಾಜೆಪಾಮ್, ಎಫ್‌ಜಿ 7142 ಎರಡನ್ನೂ ತಡೆಯುತ್ತದೆ. ಶೀರ್ಷಿಕೆಯಲ್ಲೇ ರಿಸೆಪ್ಟರ್ ಎಂದು ಹಾಕಿ ಇವುಗಳ ಸುದ್ದಿಯೇ ಎತ್ತಿಲ್ಲವಲ್ಲ!

ಆರನೇ ಪುಟದಲ್ಲಿ, ಅದೂ ಬ್ರಾಕೆಟ್ಟಿನೊಳಗೆ, ಒಂದು ಮಾತಿದೆ. ಒಮ್ಮೆ ಆ ಹಲಗೆ ಕಂಡ ಇಲಿಯನ್ನು ಎರಡನೇ ಸಲ ಬಿಟ್ಟರೆ ಮದ್ದು ಅಷ್ಟಾಗಿ ನಾಟುವುದಿಲ್ಲ, ಮೊದಲ ಸಲ ಮದ್ದೇ ಕೊಟ್ಟಿರದಿದ್ದರೂ. ಅಯ್ಯೋ, ಇದನ್ನು ಯಾಕೆ ಅಲ್ಲಿ ಬಚ್ಚಿಟ್ಟಿರಿ? ಲೇಖನ ಇಲ್ಲಿಂದಲೇ ಶುರು ಮಾಡಿ. 800 ಪದ ಮೀರಬೇಡಿ. ಮುಂದಿನ ತಿಂಗಳ 10ರೊಳಗೆ ಬಂದರೆ ಆ ಸಂಚಿಕೆಗೇ ನೋಡುತ್ತೇನೆ.

ಇಂತಿ,
ಸಂಪಾದಕ