‘ಮಂಡಿಯ ನರ ಕಟ್ ಆಗಿದೆ’ ಅಂದರೆ ಏನು?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಕಬಡ್ಡಿ ಆಡುವಾಗ ಮಂಡಿ ತಿರುಚಿಕೊಂಡು ಬಿದ್ದ. ಎಂಆರ್‌ಐ ರಿಪೋರ್ಟಿನಲ್ಲಿ ‘ಎಸಿಎಲ್ ಕಂಪ್ಲೀಟ್ ಟೇರ್, ಎಂಸಿಎಲ್ ಗ್ರೇಡ್ 1 ಸ್ಪ್ರೇನ್’ ಅಂತ ಬರೆದಿದೆ. ಊರಲ್ಲಿ ಎಲ್ಲರೂ ನರ ಕಟ್ ಆಗಿದೆ ಅನ್ನುತ್ತಾರೆ. ಕಾಲಿನ ಸ್ವಾಧೀನ ಹೋಗುತ್ತದೆಯೇ?
— ಒಬ್ಬ ತಾಯಿ, ಮಂಡ್ಯ ಜಿಲ್ಲೆ

ಉತ್ತರ: ಅಮ್ಮಾ, ಆ ಭಯ ಬಿಡಿ. ನೀವು ಬರೆದ ಸಾಲಿನಲ್ಲಿ ನರದ ಮಾತೇ ಇಲ್ಲ.

ನಮ್ಮ ಮಾತಿನಲ್ಲಿ ಎಳೆದರೂ ನರ, ಹಿಡಿದುಕೊಂಡರೂ ನರ, ಹರಿದರೂ ನರ. ಇದರಿಂದ ಎಷ್ಟೋ ಮನೆಗಳಲ್ಲಿ ಸುಮ್ನೆ ಗಾಬರಿಯಾಗುತ್ತದೆ. ನಿಜವಾದ ನರದ ಕೆಲಸ ಬೇರೆ. ಮೆದುಳಿನ ಆಜ್ಞೆಯನ್ನು ಕಾಲಿಗೆ ತಲುಪಿಸುವುದು, ಕಾಲಿನ ನೋವು, ಸ್ಪರ್ಶವನ್ನು ಮೆದುಳಿಗೆ ತಿಳಿಸುವುದು. ಮಗನಿಗೆ ಹರಿದಿರುವುದು ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದು ಹಿಡಿಯುವ ಗಟ್ಟಿ ಪಟ್ಟಿ. ಟೆಂಡನ್ ಅನ್ನೋದು ಇನ್ನೊಂದು. ಅದು ಸ್ನಾಯುವನ್ನು ಮೂಳೆಗೆ ಸೇರಿಸುತ್ತದೆ. ಹಿಮ್ಮಡಿಯ ಮೇಲೆ ಹಿಂಬದಿಯಲ್ಲಿ ದಪ್ಪ ಹಗ್ಗದಂತೆ ಕೈಗೆ ಸಿಗುತ್ತದಲ್ವಾ, ಅದು ಟೆಂಡನ್.

ಮಂಡಿಯೊಳಗೆ ಎರಡು ಲಿಗಮೆಂಟುಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಅವುಗಳಲ್ಲಿ ಮುಂದಿನದು ಎಸಿಎಲ್. ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಥಟ್ಟನೆ ತಿರುಗಿದಾಗ ಮಂಡಿ ಕೈಕೊಡದಂತೆ ಅದು ತಡೆಯುತ್ತದೆ. ರೈಡರ್ ಓಡುತ್ತಲೇ ದಿಕ್ಕು ಬದಲಿಸುವಾಗ ಭಾರವೆಲ್ಲ ಇದರ ಮೇಲೆಯೇ. ಎಂಸಿಎಲ್‌ನ ‘ಎಂ’ ಅಂದರೆ ಮೀಡಿಯಲ್, ದೇಹದ ನಡುಗೆರೆಯ ಕಡೆಗಿನದು. ಎರಡೂ ಮಂಡಿ ಜೋಡಿಸಿದರೆ ತಾಗುವ ಬದಿ ಅದು. ಹೊರಬದಿಗೆ ಲ್ಯಾಟರಲ್ ಅನ್ನುತ್ತಾರೆ.

ಸ್ಪ್ರೇನ್ ಅಂದರೆ ಲಿಗಮೆಂಟಿಗೆ ಆದ ಪೆಟ್ಟು, ನಮ್ಮ ಉಳುಕು. ಸ್ಟ್ರೇನ್ ಅಂದರೆ ಸ್ನಾಯು ಅಥವಾ ಟೆಂಡನ್ನಿಗೆ ಆದದ್ದು. ಗ್ರೇಡ್ 1 ಅಂದರೆ ಎಳೆದು ಸ್ವಲ್ಪ ಎಳೆ ಬಿಟ್ಟಿದೆ, 2 ಅಂದರೆ ಅರೆಬರೆ ಹರಿದಿದೆ, 3 ಅಂದರೆ ಪೂರ್ತಿ ಹರಿದಿದೆ. ಎಂಸಿಎಲ್‌ಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಗ್ರೇಡ್ 1 ಸಾಮಾನ್ಯವಾಗಿ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ. ಪೂರ್ತಿ ಹರಿದ ಎಸಿಎಲ್ ಮಾತ್ರ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಮತ್ತೆ ಕಬಡ್ಡಿ ಆಡಬೇಕೆನ್ನುವ ಹುಡುಗನಿಗೆ ಸಾಮಾನ್ಯವಾಗಿ ಆಪರೇಷನ್ ಮಾಡಿ, ಅವನದೇ ತೊಡೆಯ ಹಿಂಬದಿಯ ಅಥವಾ ಮಂಡಿಚಿಪ್ಪಿನ ಕೆಳಗಿನ ಟೆಂಡನ್ ತೆಗೆದು ಹೊಸ ಎಸಿಎಲ್ ಕೂರಿಸುತ್ತಾರೆ. ಆಮೇಲೆ ಫಿಸಿಯೋಥೆರಪಿ ತಪ್ಪದೆ ಮಾಡಿಸಿ. ಕನಿಷ್ಠ 9 ತಿಂಗಳು ಅಂಕಣಕ್ಕೆ ಇಳಿಯುವುದು ಬೇಡ. ನೋವು ಹೋಯಿತು ಅಂತ ಬೇಗ ಆಡಿದರೆ ಮತ್ತೆ ಹರಿಯುವ ಅಪಾಯ ಜಾಸ್ತಿ.

ಒಂದು ಕೈಮುಗಿದು ಕೇಳುತ್ತೇನೆ, ಉಳುಕು ತೆಗೆಸುತ್ತೇವೆ ಅಂತ ಯಾರಿಂದಲೂ ಮಂಡಿ ಎಳೆಸಬೇಡಿ. ಒಳಗೆ ಗಾದಿಯಂತಿರುವ ಮಿನಿಸ್ಕಸ್‌ಗೂ ಏಟು ಬೀಳಬಹುದು. ರಿಪೋರ್ಟಿನಲ್ಲಿ ಅದರ ಬಗ್ಗೆ ಏನಿದೆ ಅಂತ ಡಾಕ್ಟರನ್ನು ಕೇಳಿ.

ನರದ ಅನುಮಾನ ಇನ್ನೂ ಉಳಿದಿದ್ದರೆ, ಮಗನಿಗೆ ಪಾದವನ್ನು ಮುಖದ ಕಡೆಗೆ ಮೇಲೆತ್ತಲು ಹೇಳಿ. ಎತ್ತಲಾಗದಿದ್ದರೆ, ಅಥವಾ ಪಾದದ ಮೇಲ್ಭಾಗ ಮುಟ್ಟಿದರೂ ತಿಳಿಯದಿದ್ದರೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.