ಬೂತಾಯಿ ಅಂತ ಹುಡುಕಿದರೆ ಏನೂ ಬರಲಿಲ್ಲ, ವಿಷಯ ಬದಲಿಸಬೇಕಾ?

ಓದುಗರ ಪ್ರಶ್ನೆ, ಗ್ರಂಥಪಾಲಕರ ಉತ್ತರ

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಮನವೊಲಿಸುವ ಪ್ರಬಂಧ ಬರೆಯಲು ಕೊಟ್ಟಿದ್ದಾರೆ. 'ಮರಿ ಮೀನು ಹಿಡಿಯುವುದು ನಿಲ್ಲಬೇಕು' ಅಂತ ಅವಳೇ ವಿಷಯ ಆರಿಸಿಕೊಂಡಳು. ಗೂಗಲ್‌ನಲ್ಲಿ ಸಿಕ್ಕಿದ್ದನ್ನು ತರಬೇಡಿ, ಲೈಬ್ರರಿ ಡೇಟಾಬೇಸ್ ನೋಡಿ ಬರೆಯಿರಿ ಅಂತ ಟೀಚರ್ ಹೇಳಿದ್ದಾರಂತೆ. ಒಂದರಲ್ಲಿ ನಮ್ಮ ಕಡೆಯ ಸಣ್ಣ ಮೀನು ಬೂತಾಯಿಯ ಹೆಸರು ಹಾಕಿದಳು, ಏನೂ ಬರಲಿಲ್ಲ. ಫಿಶ್ ಅಂತ ಹಾಕಿದಳು, ಲಕ್ಷಗಟ್ಟಲೆ ಬಂತು. ನಮ್ಮ ಮನೆಯವರು ಬೋಟಿಗೆ ಹೋಗುವವರು. 'ನಮ್ಮ ಹೊಟ್ಟೆಗೇ ಕಲ್ಲು ಹಾಕ್ತೀಯಾ ಮಗಾ' ಅಂತ ತಮಾಷೆಗೆ ಅಂದರು, ಅವಳು ಅವತ್ತಿನಿಂದ ಪೆನ್ನು ಹಿಡಿದಿಲ್ಲ. ವಿಷಯ ಬದಲಿಸಬೇಕಾ?
ಓದುಗರು, ಮಲ್ಪೆ

ಉತ್ತರ: ಬದಲಿಸಬೇಡಿ. ಇಷ್ಟು ಒಳ್ಳೆ ವಿಷಯ ಬಿಟ್ಟು ಮಗು ಮತ್ತೆ 'ಮೊಬೈಲ್ ಒಳ್ಳೆಯದೋ ಕೆಟ್ಟದೋ' ಅಂತ ಬರೆಯುವುದು ಬೇಡ. ಅಪ್ಪನ ಮಾತಿಗೆ ಆಮೇಲೆ ಬರುತ್ತೇನೆ, ಈ ಪ್ರಬಂಧದ ಜೀವ ಅಲ್ಲೇ ಉಂಟು. ಮೊದಲು ಬೂತಾಯಿ ಯಾಕೆ ಸಿಗಲಿಲ್ಲ ಅಂತ ನೋಡೋಣ.

ಬಂದರಿನಲ್ಲಿ ನೀವು ದಿನಾ ನೋಡುವುದೇ. ಬೋಟಿನಿಂದ ಇಳಿಸಿದ ರಾಶಿಯಲ್ಲಿ ಬಂಗುಡೆ, ಬೂತಾಯಿ, ಏಡಿ, ಕಸ ಎಲ್ಲ ಒಟ್ಟಿಗೆ ಇರುತ್ತದೆ. ಅದನ್ನು ಜಾತಿ ನೋಡಿ, ಗಾತ್ರ ನೋಡಿ ಬೇರೆ ಮಾಡಿ ಬುಟ್ಟಿಗೆ ತುಂಬಿದ ಮೇಲೆ ಏಲಂ. ಗೂಗಲ್ ಅಂದರೆ ಆ ರಾಶಿ. ಡೇಟಾಬೇಸ್ ಅಂದರೆ ವಿಂಗಡಿಸಿದ ಬುಟ್ಟಿಗಳ ಸಾಲು. ಪ್ರತಿ ಲೇಖನದ ಮೇಲೂ ಒಂದು ಚೀಟಿ ಅಂಟಿಸಿರುತ್ತಾರೆ: ಯಾರು ಬರೆದದ್ದು, ಯಾವ ವರ್ಷ, ಯಾವ ಪತ್ರಿಕೆ, ಸಾರಾಂಶ ಏನು, ಯಾವ ಯಾವ ಪದದ ಕೆಳಗೆ ಬರುತ್ತದೆ. ನೀವು ಹುಡುಕುವಾಗ ಹೆಚ್ಚಾಗಿ ಕಂಪ್ಯೂಟರ್ ಮೊದಲು ನೋಡುವುದು ಆ ಚೀಟಿಯನ್ನು. ಚೀಟಿಯಲ್ಲಿ ಬೂತಾಯಿ ಅಂತ ಯಾರೂ ಬರೆದಿಲ್ಲ, ಅದಕ್ಕೇ ಸಿಗಲಿಲ್ಲ, ಅಷ್ಟೇ.

ಚೀಟಿಯಲ್ಲಿ ಏನಿರುತ್ತದೆ ಅಂದರೆ ಆಯಿಲ್ ಸಾರ್ಡೀನ್. ಅಥವಾ ವಿಜ್ಞಾನಿಗಳು ಇಟ್ಟ ಹೆಸರು, ಸಾರ್ಡಿನೆಲ್ಲ ಲಾಂಗಿಸೆಪ್ಸ್. ಬಂಗುಡೆಗೆ ರಾಸ್ಟ್ರೆಲಿಗರ್ ಕನಗುರ್ತ. ಈ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಹಾಕಿ ನೋಡಲು ಹೇಳಿ, ಬಾಗಿಲು ತೆರೆದ ಹಾಗೆ ಲೇಖನಗಳು ಬರುತ್ತವೆ. ನಮ್ಮ ಮೀನಿನ ಬಗ್ಗೆ ನಮ್ಮ ಭಾಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ ಅನ್ನುವುದು ನನಗೆ ಪ್ರತಿ ಸಲವೂ ನೋವು ಕೊಡುವ ಸಂಗತಿ. ಆದರೆ ಮಗಳ ಪ್ರಬಂಧ ಕನ್ನಡದಲ್ಲಿ ಬರುತ್ತದಲ್ಲ, ಅಷ್ಟಾದರೂ ಈ ಕಡೆ ಸೇರುತ್ತದೆ.

ಎಲ್ಲಿ ಹುಡುಕುವುದು? ಈ ವಿಷಯಕ್ಕೆ ನಾನಾಗಿದ್ದರೆ ಮೊದಲು ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಇ-ಪ್ರಿಂಟ್ಸ್ ಭಂಡಾರಕ್ಕೆ ಹೋಗುತ್ತೇನೆ. 1947ರಲ್ಲಿ ಶುರುವಾದ ಸಂಸ್ಥೆ, ಮುಖ್ಯ ಕಚೇರಿ ಕೊಚ್ಚಿಯಲ್ಲಿ, ಮಂಗಳೂರಿನಲ್ಲೂ ಕೇಂದ್ರ ಉಂಟು. ಅಲ್ಲಿನ ವಿಜ್ಞಾನಿಗಳು ಬರೆದದ್ದು ಬಹಳಷ್ಟು ಪುಕ್ಕಟೆ ಓದಲು ಸಿಗುತ್ತದೆ. ಶಾಲಾ ಮಕ್ಕಳಿಗೆ ರಾಷ್ಟ್ರೀಯ ಡಿಜಿಟಲ್ ಲೈಬ್ರರಿಯೂ ಒಳ್ಳೆಯದು. ಖರಗ್‌ಪುರದ ಐಐಟಿ ನಡೆಸುವುದು, 2018ರಲ್ಲಿ ದೇಶಕ್ಕೆ ಅರ್ಪಣೆಯಾಯಿತು, ದುಡ್ಡಿಲ್ಲ. ಡಿಒಎಜೆ, ಅಂದರೆ ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್ ಅಂತ ಒಂದು ಉಂಟು, 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಅದರಲ್ಲಿ ಇರುವ ಪತ್ರಿಕೆಗಳೆಲ್ಲ ಯಾರು ಬೇಕಾದರೂ ಓದಬಹುದಾದವು. ಒಂಬತ್ತನೇ ಕ್ಲಾಸಿಗೆ ಇಷ್ಟು ಸಾಕು. ಹತ್ತು ಕಡೆ ಖಾತೆ ತೆರೆದು ಎಲ್ಲೂ ಓದದೆ ಕೂರುವುದಕ್ಕಿಂತ ಎರಡು ಕಡೆ ಸರಿಯಾಗಿ ಹುಡುಕುವುದು ವಾಸಿ.

ಇನ್ನು ಹುಡುಕುವ ರೀತಿ. ಮಕ್ಕಳು ಪೂರ್ತಿ ವಾಕ್ಯವನ್ನೇ ಟೈಪ್ ಮಾಡುತ್ತಾರೆ, 'ಮರಿ ಮೀನು ಯಾಕೆ ಹಿಡಿಯಬಾರದು' ಅಂತ. ಡೇಟಾಬೇಸಿಗೆ ವಾಕ್ಯ ಬೇಡ, ಪದ ಸಾಕು. ವಿಷಯದಲ್ಲಿ ಮುಖ್ಯ ಪದ ಮೂರು: ಯಾವ ಮೀನು, ಏನಾಗುತ್ತಿದೆ, ಎಲ್ಲಿ. ಆಯಿಲ್ ಸಾರ್ಡೀನ್, ಜುವೆನೈಲ್ (ಅಂದರೆ ಮರಿ), ಕರ್ನಾಟಕ. ಇವುಗಳ ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಆಂಡ್ (AND) ಹಾಕಿದರೆ ಮೂರೂ ಇರುವ ಲೇಖನ ಮಾತ್ರ ಬರುತ್ತದೆ. ಆರ್ (OR) ಹಾಕಿದರೆ ಎರಡರಲ್ಲಿ ಯಾವುದಿದ್ದರೂ ಬರುತ್ತದೆ. ಎರಡು ಪದ ಜೋಡಿಯಾಗಿಯೇ ಬೇಕು ಅಂದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು, ಇಲ್ಲದಿದ್ದರೆ ಆಯಿಲ್ ಒಂದು ಕಡೆ, ಸಾರ್ಡೀನ್ ಇನ್ನೊಂದು ಕಡೆ ಇರುವ ಎಣ್ಣೆ ಗಿರಣಿಯ ಲೇಖನವೂ ಬಂದು ಕೂರುತ್ತದೆ.

ಈ ಆರ್ ಅನ್ನುವುದು ನಮ್ಮ ಊರಿನವರಿಗೆ ವಿಶೇಷವಾಗಿ ಬೇಕು ಮಾರಾಯ್ರೇ. ನಮ್ಮ ಊರಿನ ಹೆಸರು ಇಂಗ್ಲಿಷ್‌ನಲ್ಲಿ ಅಧಿಕೃತವಾಗಿ ಮಂಗಳೂರು ಆದದ್ದು 2014ರ ನವೆಂಬರ್ 1ಕ್ಕೆ. ಅದಕ್ಕಿಂತ ಹಿಂದಿನ ಲೇಖನದಲ್ಲೆಲ್ಲ ಮ್ಯಾಂಗಲೋರ್. ಒಂದೇ ಹೆಸರು ಹಾಕಿದರೆ ಅರ್ಧ ಲೇಖನ ಕಾಣೆಯಾಗುತ್ತದೆ, ಎರಡನ್ನೂ ಆರ್ ಹಾಕಿ ಜೋಡಿಸಿ. ಉಡುಪಿಗೂ ಇದೇ ಕತೆ. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕೂ ಮೊದಲಿನ ಮಲ್ಪೆಯ ಅಂಕಿ ಅಂಶ ದಕ್ಷಿಣ ಕನ್ನಡದ ಹೆಸರಿನಲ್ಲಿ ಇರುತ್ತದೆ, ಇನ್ನೂ ಹಳೆಯದಾದರೆ ಸೌತ್ ಕೆನರಾ. ಒಮ್ಮೆ ಒಬ್ಬ ಹುಡುಗ ನನ್ನ ಹತ್ತಿರ ಬಂದು 'ಉಡುಪಿಯಲ್ಲಿ ಮೊದಲು ಮೀನುಗಾರಿಕೆಯ ಲೆಕ್ಕವೇ ಇರಲಿಲ್ಲ ಸಾರ್' ಅಂದ. ಪಾಪ, ಲೆಕ್ಕ ಇತ್ತು, ಹೆಸರು ಬೇರೆ ಇತ್ತು.

ಸಿಕ್ಕಿದ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಲು ಒಂಬತ್ತನೇ ಕ್ಲಾಸಿನ ಮಗುವಿಗೆ ಆಗುವುದಿಲ್ಲ, ಓದಬೇಕಾಗಿಯೂ ಇಲ್ಲ. ಸಾರಾಂಶ ಓದಲಿ. ಅದು ತನ್ನ ವಿಷಯಕ್ಕೆ ಹತ್ತಿರ ಅನ್ನಿಸಿದರೆ ಕೊನೆಯ ಭಾಗಕ್ಕೆ ಹೋಗಲಿ. ನಡುವೆ ಕೋಷ್ಟಕ ಇದ್ದರೆ ನೋಡಲಿ. ಗೊತ್ತಾಗದ ಪದಕ್ಕೆ ಗುರುತು ಹಾಕಿ ವಿಜ್ಞಾನದ ಟೀಚರ್ ಹತ್ತಿರ ಕೇಳಲಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಯಾರು, ಯಾವ ವರ್ಷ, ಯಾವ ಊರಿನದು, ಯಾವ ಪುಟ ಅಂತ ಆಗಲೇ ಬರೆದಿಡಬೇಕು. ಆಮೇಲೆ ಬರೆಯೋಣ ಅಂತ ಬಿಟ್ಟರೆ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಮನೆಯವರೆಲ್ಲ ಸೇರಿ ಹುಡುಕಬೇಕಾಗುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಮನವೊಲಿಸುವ ಪ್ರಬಂಧ ಅಂದ ಕೂಡಲೇ ಮಕ್ಕಳು ತಮ್ಮ ಕಡೆಯ ಸಾಕ್ಷಿ ಮಾತ್ರ ಹುಡುಕುತ್ತಾರೆ. ಡೇಟಾಬೇಸಿನಲ್ಲಿ ಹಾಗೆ ಮಾಡುವುದು ಬಹಳ ಸುಲಭ, ಅದಕ್ಕೇ ಅಪಾಯ. ಬೂತಾಯಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,300 ಟನ್ನಿನ ಆಸುಪಾಸು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು 'ನೋಡಿ, ಮರಿ ಹಿಡಿದು ಹಿಡಿದು ಮೀನೇ ಮುಗಿಯಿತು' ಅಂತ ಬರೆದರೆ ಓದುವವರು ಬೆಚ್ಚಿಬೀಳುತ್ತಾರೆ. ಆದರೆ ಮುಂದಿನ ವರ್ಷವೇ ಅದು ಮತ್ತೆ ಒಂದು ಲಕ್ಷ ಟನ್ ದಾಟಿತು. ಮೀನು ಕಮ್ಮಿಯಾದದ್ದಕ್ಕೆ ಎಲ್ ನಿನೊ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವುದು), ಸಮುದ್ರ ಬಿಸಿಯಾದದ್ದು ಕೂಡ ಕಾರಣ ಅಂತ ಅದೇ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಬರೆದಿದ್ದಾರೆ. 2012 ಮತ್ತು 2021ನ್ನು ಮಾತ್ರ ಹೇಳಿ 2022ನ್ನು ಬಿಟ್ಟರೆ ಅಂಕಿ ಸುಳ್ಳಲ್ಲ, ಆದರೆ ಮಾತು ಸುಳ್ಳಾಗುತ್ತದೆ. ಮಗಳಿಗೆ ಇದನ್ನು ಬಿಡಿಸಿ ಹೇಳಿ. ಹುಡುಕುವಾಗ ಒಂದು ಸಲ ಬೇಕೆಂದೇ ಎದುರಿನವರ ಪದ ಹಾಕಲಿ: ಆಯಿಲ್ ಸಾರ್ಡೀನ್ ಜೊತೆ ಕ್ಲೈಮೇಟ್, ಎಲ್ ನಿನೊ.

ಹಾಗಾದರೆ ಅವಳ ವಾದ ಬಿತ್ತಾ? ಇಲ್ಲ, ಚೂಪಾಯಿತು. ಸಮುದ್ರದ ಬಿಸಿ ನಮ್ಮ ಕೈಯಲ್ಲಿಲ್ಲ, ಮರಿ ಬಿಡುವುದು ನಮ್ಮ ಕೈಯಲ್ಲಿದೆ, ಸಮುದ್ರವೇ ಕೈಕೊಡುವ ವರ್ಷದಲ್ಲಂತೂ ಮರಿ ಉಳಿಸುವುದು ಇನ್ನೂ ಜಾಸ್ತಿ ಬೇಕು ಅಂತ ಬರೆಯಬಹುದಲ್ವಾ? ಇದಕ್ಕೆ ಯಾರೂ ಸುಲಭಕ್ಕೆ ಎದುರು ಹೇಳಲಾರರು.

ಈಗ ಅಪ್ಪ. ಅವರು ತಮಾಷೆಗೆ ಅಂದದ್ದರಲ್ಲಿ ಒಂದು ನಿಜವಾದ ಪ್ರಶ್ನೆ ಉಂಟು, ಅದು ಯಾವ ಡೇಟಾಬೇಸಿನಲ್ಲೂ ಅಷ್ಟು ನೇರವಾಗಿ ಸಿಗುವುದಿಲ್ಲ. ಬಲೆ ಹಾಕುವಾಗ ಮರಿ ಬೇರೆ, ದೊಡ್ಡದು ಬೇರೆ ಅಂತ ಬರುವುದಿಲ್ಲ. ಡೀಸೆಲ್ ಖರ್ಚಾಗಿರುತ್ತದೆ, ಕೆಲಸದವರಿಗೆ ಪಾಲು ಕೊಡಬೇಕು. ಮರಿ ಮೀನನ್ನು ಫಿಶ್‌ಮೀಲ್, ಅಂದರೆ ಮೀನಿನ ಪುಡಿ ಮಾಡುವ ಫ್ಯಾಕ್ಟರಿಗೆ ತೆಗೆದುಕೊಳ್ಳುವವರು ಇರುವಾಗ ಸಮುದ್ರಕ್ಕೆ ಸುರಿದು ಬನ್ನಿ ಅಂದರೆ ಯಾರು ಕೇಳುತ್ತಾರೆ? ಮಗಳು ಒಂದು ಸಂಜೆ ಅಪ್ಪನ ಎದುರು ನೋಟ್‌ಬುಕ್ ಹಿಡಿದು ಕೂರಲಿ. ಮರಿ ಬಂದರೆ ಏನು ಮಾಡುತ್ತೀರಿ, ಯಾರು ಕೊಳ್ಳುತ್ತಾರೆ, ನೀವು ಮೊದಲು ಬೋಟಿಗೆ ಹೋದಾಗ ಹೇಗಿತ್ತು, ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದ ರಜೆ ಸಾಕಾ ಅಂತ ಕೇಳಲಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದುಕೊಳ್ಳಲಿ. ಪ್ರಬಂಧದಲ್ಲಿ ಎದುರು ವಾದ ಬರುವ ಜಾಗದಲ್ಲಿ ಆ ಮಾತನ್ನು ಗೌರವದಿಂದ ಇಡಲಿ. ಆಮೇಲೆ ಬಹುಶಃ ಅವಳ ವಿಷಯ ಸ್ವಲ್ಪ ಬದಲಾಗುತ್ತದೆ, 'ಮರಿ ಮೀನು ಹಿಡಿಯಬಾರದು' ಅನ್ನುವುದು 'ಮರಿ ಮೀನು ಕೊಳ್ಳುವವರು ಇರಬಾರದು' ಅಂತ ಆಗಬಹುದು. ಆಗಲಿ, ಓದಿದ ಮೇಲೆ ಅಭಿಪ್ರಾಯ ಬದಲಾದರೆ ಅದು ಸೋಲಲ್ಲ.

ಇನ್ನೊಂದು. ಕೇರಳ 2015ರಲ್ಲಿ ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದ ಗೊತ್ತು ಮಾಡಿತು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ನಮ್ಮ ರಾಜ್ಯದ ನಿಯಮ ಏನು ಹೇಳುತ್ತದೆ ಅಂತ ಮಗಳೇ ಹುಡುಕಿ ಪಕ್ಕದಲ್ಲಿ ಇಡಲಿ. ನಾಳೆ ಮನೆಗೆ ಬೂತಾಯಿ ತಂದಾಗ, ನೀವು ಕತ್ತಿ ತೆಗೆಯುವ ಮೊದಲು ಅವಳ ಶಾಲೆಯ ಸ್ಕೇಲು ತರಲು ಹೇಳಿ. ಮೂತಿಯಿಂದ ಬಾಲದ ತುದಿಯವರೆಗೆ ಹತ್ತು ಮೀನು ಅಳೆದು ಬರೆದುಕೊಳ್ಳಲಿ. ಸ್ಕೇಲಿಗೆ ಹತ್ತಿದ ವಾಸನೆ ಎರಡು ದಿನ ಹೋಗುವುದಿಲ್ಲ, ಪರವಾಗಿಲ್ಲ. ಪ್ರಬಂಧದ ಮೊದಲ ಪ್ಯಾರಾ ಅಲ್ಲಿಂದಲೇ ಶುರುವಾಗಲಿ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಚರ್ಚಾಸ್ಪರ್ಧೆಗೆ ತಯಾರಿ ಮಾಡುತ್ತಿದ್ದೇನೆ. ಒಳ್ಳೆ ಲೇಖನ ಸಿಕ್ಕಿತು, ಸಾರಾಂಶ ಮಾತ್ರ ಓದಲು ಬಿಡುತ್ತದೆ. ಪೂರ್ತಿ ಬೇಕಾದರೆ ಡಾಲರ್‌ನಲ್ಲಿ ದುಡ್ಡು ಕೇಳುತ್ತದೆ. ಕೊಡಲೇಬೇಕಾ?
ಓದುಗರು, ಸುರತ್ಕಲ್

ಉತ್ತರ: ಖಂಡಿತ ಬೇಡ. ಅದೇ ಲೇಖನದ ಹೆಸರನ್ನು ಗೂಗಲ್ ಸ್ಕಾಲರ್‌ಗೆ (ಸಂಶೋಧನಾ ಲೇಖನ ಹುಡುಕುವ ಗೂಗಲ್) ಹಾಕಿ, ಕೆಳಗೆ ಎಲ್ಲಾ ಆವೃತ್ತಿಗಳು ಅನ್ನುವ ಸಣ್ಣ ಕೊಂಡಿ ಇರುತ್ತದೆ, ಒತ್ತಿ. ಬರೆದವರು ತಮ್ಮ ಸಂಸ್ಥೆಯ ಭಂಡಾರದಲ್ಲಿ ಪುಕ್ಕಟೆ ಪ್ರತಿ ಇಟ್ಟಿರುವುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಜೆಸ್ಟೋರ್ ಅನ್ನುವ ಆನ್‌ಲೈನ್ ಲೇಖನ ಭಂಡಾರದಲ್ಲಿರುವ ಲೇಖನವಾದರೆ ಸ್ವಂತ ಖಾತೆ ತೆರೆದು ತಿಂಗಳಿಗೆ 100 ಲೇಖನದವರೆಗೆ ಆನ್‌ಲೈನ್‌ನಲ್ಲೇ ಓದಬಹುದು. ಪಿಎಚ್‌ಡಿ ಪ್ರಬಂಧಗಳು ಬೇಕಾದರೆ ಶೋಧಗಂಗಾ ಉಂಟು, ಮಂಗಳೂರು ವಿಶ್ವವಿದ್ಯಾಲಯದವೂ ಅಲ್ಲಿವೆ. ಪ್ರಬಂಧ ದಪ್ಪ ಅಂತ ಹೆದರಬೇಡಿ, ಎರಡನೇ ಅಧ್ಯಾಯ ತೆರೆಯಿರಿ. ಆ ವಿಷಯದಲ್ಲಿ ಹಿಂದೆ ಯಾರು ಏನು ಬರೆದಿದ್ದಾರೆ ಅನ್ನುವುದು ಸಾಮಾನ್ಯವಾಗಿ ಅಲ್ಲಿರುತ್ತದೆ.

ಯಾವುದೂ ಆಗದಿದ್ದರೆ ಲೇಖಕರಿಗೇ ಒಂದು ಇಮೇಲ್ ಹಾಕಿ. ವಿಳಾಸ ಲೇಖನದ ಮೊದಲ ಪುಟದಲ್ಲೇ ಇರುತ್ತದೆ. ನಾನು ಇಂಥ ಕಾಲೇಜಿನ ವಿದ್ಯಾರ್ಥಿ, ಇಂಥ ಕಾರಣಕ್ಕೆ ಬೇಕಿತ್ತು ಅಂತ ನಾಲ್ಕು ಸಾಲು ಸಾಕು. ತಾನು ಬರೆದದ್ದನ್ನು ಒಬ್ಬ ಹುಡುಗ ಓದಬೇಕು ಅಂತ ಕೇಳಿದರೆ ಖುಷಿಪಡದವರು ಕಡಿಮೆ. ಇನ್ನು, ನಿಮ್ಮ ಅಣ್ಣನೋ ಅಕ್ಕನೋ ಸರ್ಕಾರಿ ಡಿಗ್ರಿ ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರೆ ಅಲ್ಲಿನ ಲೈಬ್ರರಿಯಲ್ಲಿ ಕೇಂದ್ರ ಸರ್ಕಾರವೇ ಪತ್ರಿಕೆಗಳ ಚಂದಾ ಕಟ್ಟುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯ ಬಗ್ಗೆ ವಿಚಾರಿಸಲು ಹೇಳಿ. 2025ರ ಜನವರಿಯಿಂದ ಸುಮಾರು 13,000 ಪತ್ರಿಕೆಗಳು ಅದರ ಕೆಳಗೆ ಬಂದಿವೆ. ಎಷ್ಟೋ ವಿದ್ಯಾರ್ಥಿಗಳಿಗೆ ಇದು ತಮಗೆ ಸಿಗುತ್ತದೆ ಅಂತಲೇ ಗೊತ್ತಿಲ್ಲ, ಬೇಜಾರಾಗುತ್ತದೆ.

ಪ್ರಶ್ನೆ: ಎಐಗೆ ಕೇಳಿದೆ, ಏಳು ಲೇಖನಗಳ ಪಟ್ಟಿ ಕೊಟ್ಟಿತು. ಹಾಗೇ ಹಾಕಬಹುದಾ?
ಓದುಗರು, ಕುಂದಾಪುರ

ಉತ್ತರ: ಹಾಗೇ ಹಾಕಬೇಡಿ. ಕಳೆದ ವರ್ಷ ಒಬ್ಬಳು ಹುಡುಗಿ ಇಂಥದೇ ಪಟ್ಟಿ ಹಿಡಿದು ಬಂದಿದ್ದಳು, ಇಬ್ಬರೂ ಅರ್ಧ ಗಂಟೆ ಕೂತು ಹುಡುಕಿದೆವು. ಲೇಖಕರು ಇದ್ದರು, ಪತ್ರಿಕೆಯೂ ಇತ್ತು, ಆ ಹೆಸರಿನ ಲೇಖನ ಮಾತ್ರ ಎಲ್ಲೂ ಇರಲಿಲ್ಲ. ಆ ಯಂತ್ರ ನಂಬುವಂತೆ ಕಾಣುವ ಹೆಸರು ಕಟ್ಟಿಕೊಡುತ್ತದೆ. ಪದ ಹುಡುಕಲು ಅದನ್ನು ಕೇಳಿ, ಬೂತಾಯಿಗೆ ಇಂಗ್ಲಿಷ್‌ನಲ್ಲಿ ಏನು ಅನ್ನುತ್ತಾರೆ ಅಂತ ಕೇಳಿ, ಅಡ್ಡಿಯಿಲ್ಲ. ನಿಮ್ಮ ಏಳೂ ಲೇಖನಗಳ ಹೆಸರನ್ನು ಒಂದೊಂದಾಗಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ನೋಡಿ. ಎರಡು ಸಿಕ್ಕಿದರೆ ಆ ಎರಡನ್ನು ತೆರೆದು ಸಾರಾಂಶ ಓದಿ, ಪ್ರತಿಯೊಂದರ ಕೊನೆಯಲ್ಲಿರುವ ಆಕರ ಲೇಖನಗಳ ಪಟ್ಟಿಯಿಂದ ಇನ್ನೆರಡು ಆರಿಸಿಕೊಳ್ಳಿ. ಉಳಿದ ಐದನ್ನು ಹೊಡೆದುಹಾಕಿ.